ಹಗೇವಿನ ಬಾಯಿ ತೆಗೆಯುವ ಮುಂಚೆ: ಪುಣೆಯ ಭೋಸರಿಯಿಂದ ನಮ್ಮೂರ ಪಂಚಾಯಿತಿಗೆ ಒಂದು ಪತ್ರ

ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಪಿಡಿಓ ಸಾಹೇಬರಿಗೆ, ಮತ್ತೆ ಪುಣೆ, ಮುಂಬಯಿ, ಗೋವಾ ಅಂತ ದುಡಿಯಲು ಬಂದು ಪಂಚಮಿಗೆ ಊರಿಗೆ ಹೋಗುವ ನಮ್ಮ ಕಡೆ ಹುಡುಗರಿಗೆ,

ಶರಣು.

ಜಗಳಕ್ಕೆ ಅಂತ ಬರೆಯುತ್ತಿಲ್ಲ. ಹಗೇವಿಗೆ, ಅಂದರೆ ಜೋಳ ಕೂಡಿಡುವ ನೆಲದಡಿಯ ಗುಂಡಿಗೆ, ಇಳಿದವರ ಜೀವ ಹೋಗದ ಹಾಗೆ ಏನಾದರೂ ಮಾಡಿ ಅಂತ ಹೋದ ವರ್ಷ ನಾನು ಕೊಟ್ಟ ಅರ್ಜಿಗೆ "ಹಗೇವು ಅವರವರ ಮನಿ ಆಸ್ತಿ, ಅದರಾಗ ಪಂಚಾಯಿತಿ ಏನ್ ಮಾಡ್ತದ" ಅಂತ ಬಾಯಿಮಾತಿನಲ್ಲೇ ಹೇಳಿ ಕಳಿಸಿದಿರಿ. ಸಿಟ್ಟು ಬಂದಿದ್ದು ನಿಜ. ಆಮೇಲೆ ಯೋಚನೆ ಮಾಡಿದೆ, ನನ್ನ ಅರ್ಜಿಯೂ ಸರಿ ಇರಲಿಲ್ಲ. ನಾಲ್ಕು ಸಾಲು ಬರೆದು "ಸೂಕ್ತ ಕ್ರಮ ಕೈಗೊಳ್ಳಬೇಕು" ಅಂತ ಮುಗಿಸಿದ್ದೆ. ಸೂಕ್ತ ಕ್ರಮ ಅಂದರೆ ಏನು ಅಂತ ಬರೆದವನಿಗೇ ಗೊತ್ತಿರದಿದ್ದರೆ ಓದಿದವರು ಏನು ಮಾಡಬೇಕು, ಅಲ್ವಾ? ಈ ಸಲ ಎಲ್ಲ ಬಿಡಿಸಿ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಚಹಾ ತರಿಸಿಕೊಂಡು ಕೂತು ಓದಿ.

ಎರಡು ವಾರದ ಹಿಂದೆ ಊರಿಂದ ನನ್ನ ಒಡಹುಟ್ಟಿದ ತಮ್ಮ ಫೋನ್ ಮಾಡಿದ್ದ. ನಮ್ಮ ಓಣಿಯಲ್ಲಿ ಮೂರು ಮನೆಯವರು ಹಳೇ ಹಗೇವಿಗೆ ಜೋಳ ಹಾಕಿದ್ದಾರಂತೆ, ಈ ಪಂಚಮಿಗೆ ತೆಗೆಯುತ್ತಾರಂತೆ. ಇಪ್ಪತ್ತು ವರ್ಷದಿಂದ ಮುಚ್ಚಿಕೊಂಡಿದ್ದ ಹಗೇವುಗಳಿಗೆ ಈಗ ಯಾಕೆ ಜೀವ ಬಂತು ಅಂತ ಕೇಳಿದೆ. ಪ್ಯಾಟಿ ಮಂದಿ ಹಗೇವಿನ ಜೋಳ ಅಂದರೆ ಜಾಸ್ತಿ ರೊಕ್ಕ ಕೊಡುತ್ತಾರೆ ಅಂದ. ಆ ಪ್ಯಾಟಿ ಮಂದಿ ಯಾರು ಅಂದರೆ ನಾವೇ. ಇಲ್ಲಿ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಸೊಲ್ಲಾಪುರದ ಮಾಲದಂಡಿ ಜೋಳ ಬೇಕಾದಷ್ಟು ಸಿಗುತ್ತದೆ, ಒಳ್ಳೇ ಜೋಳ. ಆದರೂ ನಮ್ಮವರಿಗೆ ಹಗೇವಿನ ವಾಸನೆಯ ರೊಟ್ಟಿಯೇ ಬೇಕು. ಆ ವಾಸನೆ ನನಗೂ ಗೊತ್ತು. ಚಿಕ್ಕವನಿದ್ದಾಗ ಆ ರೊಟ್ಟಿಗೆ ಮೂಗು ಮುರಿಯುತ್ತಿದ್ದವರೇ ಈಗ ಭೋಸರಿಯಲ್ಲಿ ಕೂತು ಅದಕ್ಕೆ ಹಾತೊರೆಯುತ್ತೇವೆ.

ಹಗೇವನ್ನು ನಾನು ಬೈಯುತ್ತಿಲ್ಲ. ಅದು ನಮ್ಮ ಹಿರಿಯರ ಜಾಣತನ. ನೆಲದಡಿ ಎರಡಾಳು ಆಳ, ಒಳಗೆ ಹರವಿ ಹೊಟ್ಟೆಯಂತೆ ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ತೂರುವಷ್ಟು. ಸುತ್ತ ಹುಲ್ಲು, ಕಣಿಕೆ ಒತ್ತಿ, ನೂರು ಚೀಲ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗೀತು. ಬೆಂಕಿ ತಾಗುವುದಿಲ್ಲ, ಕಳ್ಳ ಸುಲಭಕ್ಕೆ ಮುಟ್ಟುವುದಿಲ್ಲ, ಹುಳ ಉಳಿಯುವುದಿಲ್ಲ. 1972ರ ಬರದಲ್ಲಿ ನಮ್ಮ ಮನೆ ಉಳಿದಿದ್ದೇ ಹಗೇವಿನಿಂದ ಅಂತ ನಮ್ಮ ಆಯಿ, ಅಂದರೆ ಅಜ್ಜಿ, ಸಾಯುವ ತನಕ ಹೇಳುತ್ತಿದ್ದಳು. ಮರಾಠಿಯವರಿಗೂ ಇದು ಹೊಸದಲ್ಲ, ಅವರು ಪೇವು ಅನ್ನುತ್ತಾರೆ. ಸಾಂಗ್ಲಿ ಹತ್ತಿರದ ಹರಿಪುರದಲ್ಲಿ ಅರಿಶಿನ ತುಂಬುವ ಪೇವುಗಳೇ ಇದ್ದವು, 2005ರ ಮಹಾಪೂರದಲ್ಲಿ ನೀರು ನುಗ್ಗಿ ಬಹಳಷ್ಟು ಹಾಳಾದವು.

ಆದರೆ ಹುಳ ಯಾಕೆ ಸಾಯುತ್ತದೆ ಅಂತ ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

2009ರ ಪಂಚಮಿ. ನನಗೆ ಇಪ್ಪತ್ತೆರಡು. ಪುಣೆಗೆ ಬಂದು ಎರಡು ವರ್ಷ, ಹೆಲ್ಪರ್ ಕೆಲಸ. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಮನೆಯಲ್ಲಿ ಅರಳಿಗೆ ಜೋಳ ಬೇಕಿತ್ತು. ಕಾಕಾನ ಹಗೇವು ತೆಗೆದು ಎರಡು ವರ್ಷ ಆಗಿತ್ತು. ಮುಂಜಾನೆ ಮಣ್ಣು ಸರಿಸಿ ಕಲ್ಲು ಎತ್ತಿದೆವು. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು, ಹುಳಿ ಹುಳಿ ವಾಸನೆ. ಅಂಚಿನಲ್ಲಿ ಒಂದಿಷ್ಟು ಜೋಳ ಮಳೆ ನೀರು ಇಳಿದು ಕಪ್ಪಾಗಿತ್ತು. ಬಾಯಿಂದಲೇ ಕೈಗೆ ಸಿಗುವಷ್ಟು ತೆಗೆದೆವು, ಆಮೇಲೆ ಹಗ್ಗದ ಬುಟ್ಟಿ ಬಿಟ್ಟು ಇನ್ನಷ್ಟು ಎಳೆದೆವು. ಜೋಳ ಒಂದು ಆಳಿನಷ್ಟು ಕೆಳಗೆ ಇಳಿಯಿತು. ಇನ್ನು ಒಬ್ಬರು ಇಳಿಯಲೇಬೇಕು. ರೂಢಿಯಂತೆ ಲಾಟೀನು ಇಳಿಬಿಟ್ಟೆವು. ಆರಲಿಲ್ಲ. ಲಾಟೀನಿನ ಹಗ್ಗ ಗಿಡ್ಡ ಇತ್ತು, ಜೋಳದ ತನಕ ಮುಟ್ಟಿರಲೇ ಇಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಕಾಕಾನ ಮಗ ಇಳಿದ. ನನಗಿಂತ ಎರಡು ವರ್ಷ ಚಿಕ್ಕವನು, ವರಸೆಯಲ್ಲಿ ತಮ್ಮ. ಒಂದು ಬುಟ್ಟಿ ತುಂಬಿ ಕಳಿಸಿದ. ಎರಡನೇ ಬುಟ್ಟಿ ತುಂಬಲು ಬಗ್ಗಿದವನು ಹಾಗೇ ಜೋಳದ ಮೇಲೆ ಕೂತ. ಬಿದ್ದ ಹಾಗೆ ಅನಿಸಲೇ ಇಲ್ಲ, ದಣಿದು ಕೂತ ಹಾಗೆ ಕೂತ. "ಏ, ಏಳೋ, ಮಲಗಾಕ ಇಳಿದೀಯೇನು?" ಅಂತ ಯಾರೋ ಕೂಗಿದರು. ನಾವೆಲ್ಲ ನಕ್ಕೆವು. ಅವನ ಬಲಗೈ ಬುಟ್ಟಿಯೊಳಗೇ ಇತ್ತು.

ಆ ನಗು ನನಗೆ ಇನ್ನೂ ಕೇಳಿಸುತ್ತದೆ.

ಕಾಕಾಗೆ ಮೊದಲು ತಿಳಿಯಿತು. ಕೂಗುತ್ತಾ ಇಳಿಯಲು ಹೋದ. ಆಯಿ ಅವನ ಧೋತರ ಹಿಡಿದು ನಿಂತಳು, "ಹಗ್ಗ ಕಟಗೊಳ್ಳದ ಇಳದೀ ಅಂದ್ರ ನನ್ನ ಹೆಣಾ ನೋಡ್ತಿ" ಅಂದಳು. ಬುಟ್ಟಿಯ ಹಗ್ಗ ಸಣ್ಣದು. ಯಾರೋ ಓಡಿಹೋಗಿ ಜೋಕಾಲಿ ಬಿಚ್ಚಿ ಹಗ್ಗ ತಂದರು. ಸೊಂಟಕ್ಕೆ ಎರಡು ಸುತ್ತು ಸುತ್ತಿ ಇಳಿದ ಕಾಕಾ, ಮಗನ ರಟ್ಟೆ ಹಿಡಿದ, ಅವನ ಮೇಲೇ ಬಿದ್ದ. ಆರು ಜನ ಎಳೆದೆವು. ಕಿರಿದಾದ ಬಾಯಿಗೆ ಉಜ್ಜಿ ಹೆಗಲಿನ ಚರ್ಮ ಕಿತ್ತು ಬಂತು. ಮೇಲೆ ಹಾಕಿದ ಸ್ವಲ್ಪ ಹೊತ್ತಿಗೆ ಮತ್ತೆ ಉಸಿರಾಡಿದ.

ಅಷ್ಟರಲ್ಲಿ ನಾನು ಒಂದು ಕಾಲು ಒಳಗೆ ಬಿಟ್ಟಿದ್ದೆ. ಹಗ್ಗ ಕಾಕಾನ ಸೊಂಟದಲ್ಲೇ ಇತ್ತು, ಅದರ ಕಡೆ ನನ್ನ ಲಕ್ಷ್ಯ ಇರಲಿಲ್ಲ. ಆ ತಮ್ಮ ನನ್ನ ಕಣ್ಣೆದುರಿಗೆ, ಕೈಗೆ ಸಿಗುವಷ್ಟು ಹತ್ತಿರ ಕೂತಿದ್ದ. ಆಯಿ ನನ್ನ ಅಂಗಿ ಹಿಡಿದು ಎಳೆದಳು, ಅಂಗಿ ಹರಿಯಿತು. ನನ್ನನ್ನು ಆಚೆ ತಳ್ಳಿ ಹಗೇವಿನ ಬಾಯಿ ಮೇಲೆ ಎರಡೂ ಕಾಲು ಅಗಲಿಸಿ ಕೂತುಬಿಟ್ಟಳು. "ನನ್ನ ತುಳದು ಹೋಗು." ಎಪ್ಪತ್ತು ದಾಟಿದ ಮುದುಕಿ. ಅವಳ ಮೊಮ್ಮಗ ಕೆಳಗಿದ್ದ. ಆ ಹೊತ್ತಿಗೆ ಅವಳನ್ನು ಕಟುಕಿ ಅಂದುಕೊಂಡೆ, ಇವತ್ತು ನಾನು ಉಸಿರಾಡುತ್ತಿರುವುದು ಅವಳಿಂದ.

ತಮ್ಮನನ್ನು ಉದ್ದ ಗಳಕ್ಕೆ ಕೊಕ್ಕೆ ಕಟ್ಟಿ ಹೊರಗೆ ತೆಗೆದಾಗ ಮುಕ್ಕಾಲು ತಾಸು ಆಗಿತ್ತು. ಕಾಕಾ ಆಮೇಲೆ ಆ ಹಗೇವಿಗೆ ಮಣ್ಣು ತುಂಬಿಸಿದ. ನಮ್ಮ ಓಣಿಯಲ್ಲಿ ಆ ವರ್ಷದಿಂದ ಜೋಕಾಲಿ ಕಟ್ಟಿಲ್ಲ, ನೀವು ಗಮನಿಸಿದ್ದೀರೋ ಇಲ್ಲವೋ.

ಊರಲ್ಲಿ ಹತ್ತು ಮಾತು ಬಂದವು. ಗಾಳಿ ಬಡಿಯಿತು ಅಂದರು, ಅಮಾವಾಸ್ಯೆ ಮುಗಿದು ಐದು ದಿನವೂ ಆಗಿರಲಿಲ್ಲ ಅಂದರು, ಹಗೇವು ಬಲಿ ಬೇಡಿತು ಅಂದರು. ಒಂದು ಲೆಕ್ಕಕ್ಕೆ ಗಾಳಿ ಬಡಿಯಿತು ಅನ್ನುವುದು ಸುಳ್ಳಲ್ಲ ನೋಡಿ. ಯಾವ ಗಾಳಿ ಅನ್ನುವುದು ನನಗೆ ಮೂರು ವರ್ಷ ಆದ ಮೇಲೆ ಇಲ್ಲಿ ತಿಳಿಯಿತು.

ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಟ್ಯಾಂಕ್ ತೊಳೆಯುವ ಕೆಲಸ ಬಂತು. ಖಾಲಿ ಟ್ಯಾಂಕು, ನಮ್ಮ ಹಗೇವಿಗಿಂತ ದೊಡ್ಡದೇನಲ್ಲ. ನಾನು ಸೀದಾ ಇಳಿಯಲು ಹೋದೆ. ಸೇಫ್ಟಿ ಆಫೀಸರ್ ತಡೆದ. ಮೊದಲು ಗಾಳಿ ಅಳೆಯುವ ಒಂದು ಮೀಟರ್‌ಗೆ ಪೈಪು ಸಿಕ್ಕಿಸಿ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಗಾಳಿ ನೋಡಿದ. ಒಳಗೆ ಗಾಳಿ ಊದುವ ಬ್ಲೋವರ್ ಹಚ್ಚಿಸಿದ. ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಅದಕ್ಕೆ ಕೈಯಿಂದ ತಿರುಗಿಸುವ ರಾಟೆ ಹಾಕಿದ. ನನ್ನ ಮೈಗೆ ಬೆಲ್ಟು ಬಿಗಿದು ಬೆನ್ನ ಹಿಂದಿನ ಕೊಂಡಿಗೆ ಹಗ್ಗ ಸಿಕ್ಕಿಸಿದ. ಹೊರಗೆ ಒಬ್ಬನನ್ನು ನಿಲ್ಲಿಸಿ "ನಿನ್ನ ಕೆಲಸ ಇವನನ್ನು ನೋಡುವುದು ಅಷ್ಟೇ, ಏನೇ ಆದರೂ ನೀನು ಒಳಗೆ ಇಳಿಯಬಾರದು" ಅಂತ ಮೂರು ಸಲ ಹೇಳಿದ. ಹಗ್ಗ ಸೊಂಟಕ್ಕೆ ತಾಗಿದಾಗ ನನಗೆ ತಡೆಯಲಾಗಲಿಲ್ಲ. "ಕಾಯ್ ಝಾಲಂ ರೇ?" ಅಂದ ಅವನು. ಏನು ಹೇಳಲಿ, ಕಣ್ಣಿಗೆ ಧೂಳು ಬಿತ್ತು ಅಂದೆ.

ಆಮೇಲೆ ಗೊತ್ತಾಯಿತು, ಇದೆಲ್ಲ ಆ ಮನುಷ್ಯನ ಒಳ್ಳೆಯತನ ಒಂದೇ ಅಲ್ಲ, ಕಾನೂನು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್. ಟ್ಯಾಂಕು, ಪೈಪು, ಗುಂಡಿ, ಇಂಥ ಇಕ್ಕಟ್ಟಿನ ಜಾಗದಲ್ಲಿ ಕೆಟ್ಟ ಗಾಳಿ ಇರುವ ಸಂಭವ ಇದ್ದರೆ ಸುಮ್ನೆ ಇಳಿಸುವ ಹಾಗಿರಲಿಲ್ಲ. ಒಳಗೆ ಅಪಾಯ ಇಲ್ಲ ಅಂತ ಬಲ್ಲವರು ಪರೀಕ್ಷೆ ಮಾಡಿ ಬರೆದು ಕೊಡಬೇಕಿತ್ತು, ಇಲ್ಲವಾದರೆ ಉಸಿರಾಟದ ಸಾಧನ ಹಾಕಿ ಬೆಲ್ಟಿಗೆ ಹಗ್ಗ ಕಟ್ಟಿ ಆ ಹಗ್ಗದ ತುದಿ ಹೊರಗಿನವನ ಕೈಯಲ್ಲಿರಬೇಕಿತ್ತು. ಓದಿಲ್ಲದ ನಮ್ಮ ಆಯಿ ಧೋತರ ಹಿಡಿದು ಹೇಳಿದ್ದೂ ಅದನ್ನೇ. ಗುಂಡಿ ಅನ್ನುವ ಮಾತು ಆ ಕಾಯ್ದೆಯಲ್ಲೇ ಇತ್ತು ಸಾಹೇಬರೇ, ಆದರೆ ಅದು ಕಾರ್ಖಾನೆಯ ಗುಂಡಿ. ನಮ್ಮ ಓಣಿಯ ಗುಂಡಿಗೆ ಕಾರ್ಖಾನೆಯ ಕಾಯ್ದೆ ಬರುವುದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಹಗೇವಿನೊಳಗೆ ಆಗುವುದು ಇಷ್ಟು. ಜೋಳ ಸತ್ತ ವಸ್ತು ಅಲ್ಲ, ಅದು ಬೀಜ, ಉಸಿರಾಡುತ್ತದೆ. ಜೊತೆಗೆ ಹುಳ, ಬೂಷ್ಟು ಎಲ್ಲ ಉಸಿರಾಡುತ್ತವೆ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಖಾಲಿಯಾಗುತ್ತಾ ಬರುತ್ತದೆ, ಕಾರ್ಬನ್ ಡೈಆಕ್ಸೈಡ್ ತುಂಬುತ್ತಾ ಹೋಗುತ್ತದೆ. ಹುಳ ಸಾಯುವುದು ಅದಕ್ಕೆ. ಹುಳ ಕೊಲ್ಲುವ ಗಾಳಿ ಮನುಷ್ಯನನ್ನು ಬಿಡುತ್ತದೆಯೇ? ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 20.9 ಪಾಲು. 19.5ಕ್ಕಿಂತ ಕೆಳಗೆ ಇಳಿದರೆ ಕಾರ್ಖಾನೆಯ ಮೀಟರ್ ಕೂಗುತ್ತದೆ. ಹತ್ತಕ್ಕಿಂತ ಕೆಳಗೆ ಹೋದರೆ ಎಚ್ಚರ ತಪ್ಪುತ್ತದೆ, ಆರರ ಸುತ್ತ ಇದ್ದರೆ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಮಳೆ ನೀರು ಇಳಿದು ಜೋಳ ನೆನೆದಿದ್ದರೆ ಇದೆಲ್ಲ ಇನ್ನೂ ಜೋರು. ಆವತ್ತಿನ ಆ ಬಿಸಿ, ಆ ಹುಳಿ ವಾಸನೆ ಅದೇ ಆಗಿತ್ತು, ನಮಗೆ ಓದಲು ಬರಲಿಲ್ಲ.

ಇನ್ನೊಂದು ಸಂಗತಿ. ಕಾರ್ಬನ್ ಡೈಆಕ್ಸೈಡ್ ನಮ್ಮ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾಯಿ ತೆಗೆದರೂ ಅದು ಹೊಗೆಯ ಹಾಗೆ ಮೇಲೆದ್ದು ಹೋಗುವುದಿಲ್ಲ, ಬಾವಿಯ ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ನನ್ನ ತಮ್ಮ ನಿಂತಿದ್ದಾಗ ಅವನ ತಲೆ ಮೇಲಿನ ಗಾಳಿಯಲ್ಲಿತ್ತು, ಒಂದು ಬುಟ್ಟಿ ತುಂಬುವಷ್ಟು ಹೊತ್ತು ಬದುಕಿದ್ದು ಹಾಗೆ. ಎರಡನೇ ಸಲ ಬಗ್ಗಿದಾಗ ತಲೆ ಮುಳುಗಿತು. ಅಂಥ ಗಾಳಿಯನ್ನು ಎರಡು ಮೂರು ಉಸಿರು ಎಳೆದರೆ ಸಾಕು, ಕೂಗಲೂ ಆಗುವುದಿಲ್ಲ.

ನಂಬಿಕೆ ಬರದಿದ್ದರೆ ಶಾಲೆಯ ಮಕ್ಕಳಿಂದ ಮಾಡಿಸಿ ನೋಡಿ. ಆಳದ ಪಾತ್ರೆಯ ತಳಕ್ಕೆ ಅಡುಗೆ ಸೋಡಾ ಹಾಕಿ ನಿಂಬೆರಸ ಹಿಂಡಿ, ನೊರೆ ಅಡಗಿದ ಮೇಲೆ ತಂತಿಗೆ ಮೇಣದಬತ್ತಿ ಕಟ್ಟಿ ಹಚ್ಚಿ ನಿಧಾನ ಇಳಿಸಿ. ಪಾತ್ರೆಯ ಬಾಯಲ್ಲಿ ಉರಿಯುತ್ತದೆ, ಅರ್ಧಕ್ಕೂ ಉರಿಯುತ್ತದೆ, ತಳದ ಹತ್ತಿರ ಯಾರೋ ಚಿವುಟಿದ ಹಾಗೆ ಆರುತ್ತದೆ. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ನಾನು ಇಲ್ಲಿ ನಮ್ಮ ಖೋಲಿಯಲ್ಲಿ ಹುಡುಗರಿಗೆ ತೋರಿಸಿದೆ. ಐದು ಜನ ಐದು ಸಲ ಮಾಡಿದರು, ನಿಂಬೆಹಣ್ಣು ಖಾಲಿ.

ಹಾಗಂತ ಲಾಟೀನನ್ನೇ ನಂಬಿ ಕೂರಬೇಡಿ. ಲಾಟೀನು ಆರಿದರೆ ಇಳಿಯಬೇಡ ಅನ್ನುವ ಹಿರಿಯರ ಮಾತು ಸರಿ. ಆರಲಿಲ್ಲ, ಇಳಿ ಅನ್ನುವುದು ತಪ್ಪು. ಆಮ್ಲಜನಕ 16ರ ಹತ್ತಿರ ಬಂದಾಗ ದೀಪ ಆರುತ್ತದೆ, ಅಷ್ಟರೊಳಗೆ ಮನುಷ್ಯನ ತಲೆ ಮಂಕಾಗಿರುತ್ತದೆ. ಮೇಲಾಗಿ ಕಾಳಿಗೆ ಹುಳ ಕೊಲ್ಲುವ ಗುಳಿಗೆ ಹಾಕಿದ್ದರೆ ಆ ವಿಷದ ಗಾಳಿಯನ್ನು ದೀಪ ತೋರಿಸುವುದೇ ಇಲ್ಲ, ಜಾಸ್ತಿ ಇದ್ದರೆ ಅದೇ ಹೊತ್ತಿಕೊಳ್ಳಬಹುದು. ಒದ್ದೆ ಟವೆಲ್ಲು ಮೂಗಿಗೆ ಕಟ್ಟಿಕೊಂಡು ಇಳಿಯುವ ಶೂರರೂ ಇದ್ದಾರೆ. ಟವೆಲ್ಲು ಧೂಳು ತಡೆಯುತ್ತದೆ, ಒಳಗೆ ಇಲ್ಲದ ಆಮ್ಲಜನಕವನ್ನು ಅದು ಎಲ್ಲಿಂದ ತರಬೇಕು?

ಈಗ ನನ್ನ ಮುಖ್ಯ ಮಾತು, ಬೇರೆಲ್ಲ ಮರೆತರೂ ಇದೊಂದು ನೆನಪಿಡಿ. ಇಂಥ ಕಡೆ ಮೊದಲನೆಯವನು ಗೊತ್ತಿಲ್ಲದೆ ಸಾಯುತ್ತಾನೆ, ಎರಡನೆಯವನು ಅಕ್ಕರೆಯಿಂದ ಸಾಯುತ್ತಾನೆ. ಅಮೆರಿಕದಲ್ಲಿ ಕಾರ್ಮಿಕರ ಸುರಕ್ಷೆಯ ಬಗ್ಗೆ ಸಂಶೋಧನೆ ಮಾಡುವ ಸರ್ಕಾರಿ ಸಂಸ್ಥೆ ನಿಯೋಷ್ 1986ರಲ್ಲೇ ಹೇಳಿತ್ತು, ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಜನ ಕಾಪಾಡಲು ಹೋದವರು ಅಂತ. ಅಣ್ಣನ ಹಿಂದೆ ತಮ್ಮ, ಮಗನ ಹಿಂದೆ ಅಪ್ಪ. ಇಲ್ಲಿಯ ಹೌಸಿಂಗ್ ಸೊಸೈಟಿಗಳ ಸೆಪ್ಟಿಕ್ ಟ್ಯಾಂಕಿನಲ್ಲೂ ಇದೇ ಕತೆ, ಒಬ್ಬ ಇಳಿದು ಬಿದ್ದ, ಇನ್ನೊಬ್ಬ ಎತ್ತಲು ಹೋದ. ಮನುಷ್ಯರನ್ನು ಇಳಿಸಬಾರದು ಅಂತ 2013ರಲ್ಲಿ ಕಾನೂನು ಬಂದ ಮೇಲೂ ಪೇಪರಿನಲ್ಲಿ ಬರುತ್ತಲೇ ಇರುತ್ತದೆ, ಎಷ್ಟೋ ಸಲ ಸತ್ತವರಲ್ಲಿ ಒಬ್ಬ ನಮ್ಮ ಕಡೆಯವನೇ.

ಗುಳಿಗೆ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯಲ್ಲಿರುವ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನುವ ಗಾಳಿ ಬಿಡುತ್ತದೆ. ಮೂರು ಗ್ರಾಮಿನ ಒಂದು ಗುಳಿಗೆಯಿಂದ ಒಂದು ಗ್ರಾಂ ವಿಷ. ಅದಕ್ಕೆ ಮದ್ದು ಅಂತ ಇಲ್ಲ, ಆಸ್ಪತ್ರೆಯಲ್ಲಿ ಜೀವ ಹಿಡಿದಿಡಲು ನೋಡುತ್ತಾರೆ ಅಷ್ಟೇ. ಇದನ್ನು ಸಾಮಾನ್ಯ ಜನರಿಗೆ ಮಾರುವ ಹಾಗೇ ಇಲ್ಲ, ಸರ್ಕಾರಿ ಗೋದಾಮಿನವರಿಗೆ, ಲೈಸೆನ್ಸ್ ಇದ್ದ ಕೀಟ ನಿಯಂತ್ರಣದವರಿಗೆ ಮಾತ್ರ. ಆದರೆ ನಮ್ಮೂರ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ, ನಿಮಗೂ ಗೊತ್ತು ನನಗೂ ಗೊತ್ತು. ಇಲ್ಲಿ ನಮ್ಮ ಚಾಳಿನಲ್ಲಿ ಒಬ್ಬರು ಊರಿಂದ ತಂದ ಗೋಧಿಯ ಡಬ್ಬಿಗೆ ಎರಡು ಗುಳಿಗೆ ಬಟ್ಟೆಯಲ್ಲಿ ಕಟ್ಟಿ ಹಾಕಿ, ಡಬ್ಬಿಯನ್ನು ಮಂಚದ ಕೆಳಗೆ ಇಟ್ಟಿದ್ದರು. ಅದರ ಮೇಲೆ ಎರಡು ಮಕ್ಕಳು ಮಲಗುತ್ತಿದ್ದವು. ಬೆಳ್ಳುಳ್ಳಿ ವಾಸನೆ ಬರ್ತಿದೆಯಲ್ಲ ಅಕ್ಕಾ ಅಂತ ಕೇಳಿದ್ದಕ್ಕೆ, ಒಗ್ಗರಣೆ ಹಾಕಿಲ್ಲವಲ್ಲ ಅಂದರು. ಕಿಟಕಿ ಬಾಗಿಲು ತೆಗೆದು, ಎಲ್ಲರನ್ನೂ ಹೊರಗೆ ಕೂರಿಸಿ, ಗೊತ್ತಿದ್ದವರನ್ನು ಕರೆಸಿ ಡಬ್ಬಿ ಹೊರಗೆ ಸಾಗಿಸುವಷ್ಟರಲ್ಲಿ ರಾತ್ರಿ ಹನ್ನೊಂದು. ವಾಸನೆ ಬರಲಿಲ್ಲ ಅಂದರೆ ಅಪಾಯ ಇಲ್ಲ ಅಂತಲೂ ಅಲ್ಲ, ಮೂಗಿಗೆ ಹತ್ತುವ ಮೊದಲೇ ಅದು ಕೆಲಸ ಶುರು ಮಾಡಬಹುದು. ಜನ ಮಲಗುವ ಮನೆಯ ಕಾಳಿಗೆ ಆ ಗುಳಿಗೆ ಬೇಡವೇ ಬೇಡ.

ಹಗೇವು ಬೇಡ, ತಗಡಿನ ಕಣಜ ಇಡೋಣ ಅಂದರೆ ಅದಕ್ಕೂ ಎಚ್ಚರ ಬೇಕು. 2021ರ ಮಾರ್ಚ್‌ನಲ್ಲಿ ರಾಜಸ್ಥಾನದ ಬಿಕಾನೇರ್ ಜಿಲ್ಲೆಯಲ್ಲಿ ಐದು ಮಕ್ಕಳು ಆಟ ಆಡುತ್ತಾ ಖಾಲಿ ಕಾಳಿನ ಕಣಜದೊಳಗೆ ಇಳಿದವು, ಮುಚ್ಚಳ ಬಿತ್ತು, ಐದೂ ಹೋದವು. ಖಾಲಿ ಕಣಜಕ್ಕೆ ಬೀಗ ಹಾಕಿ, ಇಲ್ಲವೇ ಮುಚ್ಚಳ ಕಿತ್ತು ಬೇರೆ ಕಡೆ ಇಡಿ. ಇನ್ನು ದೊಡ್ಡ ಗೋದಾಮು, ಕಾಳು ತುಂಬುವ ಎತ್ತರದ ಟ್ಯಾಂಕಿನಂಥ ಸೈಲೋ. 2023ರ ಡಿಸೆಂಬರ್‌ನಲ್ಲಿ ನಮ್ಮ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಕೆಳಗೆ ಸಿಕ್ಕು ಬಿಹಾರದ ಏಳು ಕಾರ್ಮಿಕರು ಸತ್ತಿದ್ದು ನಿಮಗೆ ನೆನಪಿರಬೇಕು. ಕಾಳು ನೋಡಲು ಮೆತ್ತಗೆ. ಕೆಳಗಿನ ಬಾಯಿ ತೆಗೆದು ಕಾಳು ಹರಿಯಲು ಶುರುವಾದರೆ ಮೇಲೆ ನಿಂತವನು ನಾಲ್ಕೈದು ಸೆಕೆಂಡಿನಲ್ಲಿ ಕಾಲು ಎತ್ತಲಾರ, ಅರ್ಧ ನಿಮಿಷದೊಳಗೆ ಪೂರ್ತಿ ಮುಳುಗುತ್ತಾನೆ. ಎದೆ ಮಟ್ಟ ಹೂತವನನ್ನು ಹಗ್ಗ ಹಾಕಿ ಎಳೆದರೆ ಬರುವುದಿಲ್ಲ, ಮೈಗೇ ಪೆಟ್ಟಾಗುತ್ತದೆ, ಸುತ್ತ ಹಲಗೆ ಇಟ್ಟು ಕಾಳು ಬಗೆದು ತೆಗೆಯಬೇಕು. ಇಂಥ ಕಡೆ ಕೂಲಿಗೆ ಹೋಗುವ ನಮ್ಮ ಹುಡುಗರು ಒಂದು ಪ್ರಶ್ನೆ ಕೇಳಲಿ: ಕೆಳಗಿನ ಮಷೀನು ಬಂದ್ ಮಾಡಿ ಬೀಗ ಹಾಕಿದ್ದೀರಾ, ಬೀಗದ ಕೈ ಯಾರ ಹತ್ತಿರ ಇದೆ?

ಈಗ ಪಂಚಾಯಿತಿಯಿಂದ ನನಗೆ ಬೇಕಾಗಿದ್ದು. ದೊಡ್ಡದೇನಲ್ಲ.

ಹಗೇವು ಖಾಸಗಿ, ಒಪ್ಪಿದೆ. ಆದರೆ ಯಾರ ಮನೆಯಲ್ಲಿ ಹಗೇವು ಇದೆ ಅನ್ನುವುದು ನಿಮ್ಮ ಪುಸ್ತಕದಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳಲು ಏನು ತೊಂದರೆ? ಬಾಯಿ ತೆಗೆಯುವ ಹಿಂದಿನ ದಿನ ಪಂಚಾಯಿತಿಗೆ ತಿಳಿಸಬೇಕು ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿ. ಕಸದ ಗಾಡಿಯ ಮೈಕು ದಿನಾ ಅದೇ ಹಾಡು ಹಾಡುತ್ತದೆ, ಪಂಚಮಿಗೆ ಮುಂಚೆ ನಾಲ್ಕು ದಿನ ಅದರಲ್ಲಿ ಇದನ್ನೂ ಸಾರಿಸಿ. ಬಾಯಿಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ "ಹಗ್ಗ ಇಲ್ಲದೆ ಇಳಿಯಬೇಡಿ, ಬಿದ್ದವನ ಹಿಂದೆ ಇಳಿಯಬೇಡಿ, 112ಕ್ಕೆ ಫೋನ್ ಮಾಡಿ" ಅಂತ ಬರೆಸಿ. ಅಗ್ನಿಶಾಮಕದವರ ಹತ್ತಿರ ಬೆನ್ನಿಗೆ ಹಾಕುವ ಗಾಳಿ ಸಿಲಿಂಡರ್ ಇರುತ್ತದೆ, ಅವರು ಇಳಿಯಬಹುದು, ನಾವಲ್ಲ. ಅವರು ತಾಲೂಕಿನಿಂದ ಬರುವಷ್ಟರಲ್ಲಿ ತಡ ಆಗುತ್ತದೆ ಅನ್ನುತ್ತೀರಿ. ಹೌದು, ಆಗುತ್ತದೆ. ಉಸಿರು ನಿಂತ ನಾಲ್ಕೈದು ನಿಮಿಷಕ್ಕೆ ಮಿದುಳು ಕೆಡಲು ಶುರುವಾಗುತ್ತದೆ. ಅದಕ್ಕೇ ಇಳಿಯುವ ಮುಂಚೆಯೇ ಹಗ್ಗ ಕಟ್ಟಿರಬೇಕು ಅನ್ನುವುದು, ಹಗ್ಗ ಇದ್ದರೆ ಮೇಲಿನವರೇ ಒಂದು ನಿಮಿಷದಲ್ಲಿ ಎಳೆಯುತ್ತಾರೆ.

ಸಾಮಾನು ನಾವು ಕೊಡುತ್ತೇವೆ. ಭೋಸರಿ, ಚಿಂಚವಡ, ಚಾಕಣ ಕಡೆ ಇರುವ ನಮ್ಮೂರ ಹುಡುಗರು ಸೇರಿ ರೊಕ್ಕ ಕೂಡಿಸಿದ್ದೇವೆ. ಒಂದು ಹಳೇ ಬ್ಲೋವರ್ ಭಂಗಾರ್ ಅಂಗಡಿಯಲ್ಲಿ ಸಿಕ್ಕಿತು. ಇಲ್ಲಿ ಗುಜರಿಗೆ ಭಂಗಾರ್ ಅನ್ನುತ್ತಾರೆ, ನಮ್ಮವರು ಹೊಸದಾಗಿ ಬಂದಾಗ ಗಲ್ಲಿಗೊಂದು ಚಿನ್ನದ ಅಂಗಡಿ ಇದೆ ಅಂದುಕೊಳ್ಳುತ್ತಾರೆ. ಮೋಟರ್ ನಾನೇ ಬಿಚ್ಚಿ ಬೇರಿಂಗ್ ಬದಲಿಸಿದ್ದೇನೆ. ಆನೆ ಸೊಂಡಿಲಿನ ಹಾಗೆ ಮಡಚುವ ಪೈಪು ಅದಕ್ಕೆ ಇದೆ, ಹಗೇವಿನ ತಳದವರೆಗೆ ಮುಟ್ಟುತ್ತದೆ. ಮುಟ್ಟಲೇಬೇಕು, ಬಾಯಲ್ಲಿ ಫ್ಯಾನ್ ಇಟ್ಟು ತಿರುಗಿಸಿದರೆ ಮೇಲಿನ ಗಾಳಿ ಮಾತ್ರ ಆಡುತ್ತದೆ. ಬ್ಲೋವರ್ ದೂರ, ಒಳ್ಳೇ ಗಾಳಿ ಇರುವ ಕಡೆ ನಿಲ್ಲಿಸಬೇಕು. ಟ್ರ್ಯಾಕ್ಟರ್, ಡೀಸೆಲ್ ಪಂಪು ಪಕ್ಕದಲ್ಲಿ ಇದ್ದರೆ ಹೊಗೆಯನ್ನೇ ಒಳಗೆ ತಳ್ಳಿದ ಹಾಗೆ. ಮನುಷ್ಯ ಒಳಗೆ ಇರುವ ತನಕ ಅದು ನಡೆಯುತ್ತಲೇ ಇರಬೇಕು, ಯಾಕೆಂದರೆ ಜೋಳ ಕೆದಕಿದಷ್ಟೂ ಕಾಳಿನ ಸಂದಿಯಲ್ಲಿ ಸಿಕ್ಕಿದ್ದ ಗಾಳಿ ಹೊರಗೆ ಬರುತ್ತದೆ. ಕರೆಂಟು ಹೋಯಿತೋ, ಆ ಕ್ಷಣ ಹೊರಗೆ.

ಮೂರು ಕಾಲಿನ ಸ್ಟ್ಯಾಂಡು, ರಾಟೆ, ಎರಡು ಬೆಲ್ಟು ಸಿಕ್ಕಿವೆ. ಮೀಟರ್ ಮಾತ್ರ ಹೊಸದೇ ತಗೋಬೇಕು. ಸಾಮಾನ್ಯವಾಗಿ ನಾಲ್ಕು ಗಾಳಿ ನೋಡುವ ಮೀಟರ್ ಅಂತ ಮಾರುತ್ತಾರಲ್ಲ, ಅದರಲ್ಲಿ ಆಮ್ಲಜನಕ ಗೊತ್ತಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಗೊತ್ತಾಗುವುದಿಲ್ಲ. ಅದರ ಸೆನ್ಸರ್ ಬೇರೆ, ಕೇಳಿ ಹಾಕಿಸಬೇಕು. ಮುಂದೆ ನೀವೇ ಕೊಳ್ಳುವುದಾದರೆ ಇದು ನೆನಪಿರಲಿ, ಅಂಗಡಿಯವನು ಕೇಳದೆ ಹೇಳುವುದಿಲ್ಲ.

ಇದೆಲ್ಲಕ್ಕಿಂತ ಒಳ್ಳೇದು ಇಳಿಯದೇ ಇರುವುದು. ಈಗ ಒಳಗೆ ಎರಡು ಪದರ ಪ್ಲಾಸ್ಟಿಕ್ ಇರುವ, ಗಾಳಿಯಾಡದ ಚೀಲಗಳು ಬಂದಿವೆ. ಒಣಗಿದ ಜೋಳ ತುಂಬಿ, ಗಾಳಿ ಹಿಂಡಿ, ಬಾಯಿ ಬಿಗಿದರೆ ಹಗೇವಿನ ಉಪಾಯವೇ ಚೀಲದಲ್ಲಿ ನಡೆಯುತ್ತದೆ, ಹುಳ ತಾನಾಗಿ ಸಾಯುತ್ತದೆ, ಗುಳಿಗೆಯೂ ಬೇಡ. ಕೃಷಿ ಇಲಾಖೆಯವರನ್ನು ಕರೆದು ನಮ್ಮೂರಲ್ಲಿ ಒಮ್ಮೆ ತೋರಿಸಲು ಹೇಳಿ. ಹಗೇವಿನ ವಾಸನೆ ಇರುವುದಿಲ್ಲ, ಅದು ಸತ್ಯ. ವಾಸನೆಗೆ ಜಾಸ್ತಿ ರೊಕ್ಕ ಕೊಡುವ ಪುಣೆಯ ನಮ್ಮ ಜನರಿಗೆ ನಾನು ಬೇರೆ ಹೇಳುತ್ತೇನೆ.

ಹುಡುಗರೇ, ನಿಮಗೊಂದು ಮಾತು. ಪಂಚಮಿಗೆ ಊರಿಗೆ ಹೋದಾಗ "ನೀವು ವಯಸ್ಸಾದವರು, ಸರೀರಿ, ನಾನು ಇಳೀತೀನಿ" ಅಂತ ಮುಂದೆ ಹೋಗುವವರು ನಾವೇ. ವರ್ಷವಿಡೀ ಊರಲ್ಲಿ ಇರುವುದಿಲ್ಲ ಅನ್ನುವ ಅಪರಾಧಿ ಭಾವ ಒಂದು ಇರುತ್ತದಲ್ಲ, ಅದನ್ನು ನಾಲ್ಕು ದಿನದಲ್ಲಿ ತೀರಿಸಲು ಹೋಗುತ್ತೇವೆ. ಬೇರೆ ಕೆಲಸ ಮಾಡಿ, ಅವ್ವನ ಜೊತೆ ಸಂತೆಗೆ ಹೋಗಿ. ಹಗೇವಿನ ಬಾಯಿ ಹತ್ತಿರ ನಿಂತರೆ ಹಗ್ಗ ಹಿಡಿಯುವವರಾಗಿ ನಿಲ್ಲಿ. ಕೆಳಗಿನವನು ಮಾತಾಡುವುದು ನಿಲ್ಲಿಸಿದ ತಕ್ಷಣ ಎಳೆಯಿರಿ, ಅವನು ಬೈದರೂ ಪರವಾಗಿಲ್ಲ. ಅದಕ್ಕೇ ಹಾಡು ಹೇಳುತ್ತಾ ಕೆಲಸ ಮಾಡಲು ಹೇಳಿ, ಹಾಡು ನಿಂತರೆ ಎಳೆಯಬೇಕು ಅಂತ ಗೊತ್ತಾಗುತ್ತದೆ.

ಅಧ್ಯಕ್ಷರೇ, ನಾನು ಪಂಚಮಿಗೆ ನಾಲ್ಕು ದಿನ ಮುಂಚೆ ಸ್ವಾರಗೇಟಿನಿಂದ ರಾತ್ರಿ ಬಸ್ಸು ಹತ್ತುತ್ತೇನೆ. ಬ್ಲೋವರ್, ಸ್ಟ್ಯಾಂಡು ಬಸ್ಸಿನ ಡಿಕ್ಕಿಯಲ್ಲಿ ಬರುತ್ತವೆ, ಕಂಡಕ್ಟರ್ ಲಗೇಜಿಗೆ ಎಷ್ಟು ಕೇಳುತ್ತಾನೋ ನೋಡಬೇಕು. ಮೂರೂ ಮನೆಯವರಿಗೆ ನಾನು ಫೋನ್ ಮಾಡಿದ್ದೇನೆ. ಇಬ್ಬರು ಕಾಯುತ್ತೇವೆ ಅಂದಿದ್ದಾರೆ, ಮೂರನೆಯವರು ನೋಡೋಣ ಅಂದಿದ್ದಾರೆ, ಆ ಮನೆಗೆ ನೀವು ಒಮ್ಮೆ ಹೋಗಿ ಬಂದರೆ ಒಳ್ಳೇದು. ನಮ್ಮ ಓಣಿಗೆ ಹಗಲು ತ್ರೀ ಫೇಸ್ ಇರುವುದಿಲ್ಲ, ಬ್ಲೋವರ್‌ಗೆ ಸಿಂಗಲ್ ಫೇಸ್ ಸಾಕು, ಆದರೆ ಕರೆಂಟು ತೆಗೆಯದ ಹಾಗೆ ಲೈನ್‌ಮನ್‌ಗೆ ಒಂದು ಮಾತು ಹೇಳಿಡಿ. ಐವತ್ತು ಮೀಟರ್ ವೈರು ನಾನು ತರುತ್ತೇನೆ. ಹಗ್ಗವನ್ನೂ ಹೊಸದೇ ತರುತ್ತೇನೆ, ಜೋಕಾಲಿ ಬಿಚ್ಚುವುದು ಬೇಡ.

ಇಂತಿ ನಿಮ್ಮವ,
ಹನುಮಪ್ಪನ ಗುಡಿ ಓಣಿಯವನು, ಈಗ ಭೋಸರಿಯಲ್ಲಿ ಫಿಟ್ಟರ್